ನೆಲ ಒಣಗಿದೆ, ಕೂಲಂಟ್ ಮಾತ್ರ ಖಾಲಿ: ಹಳೇ ಬೈಕಿನ ಹಟಮಾರಿ ಸೋರಿಕೆ ಹುಡುಕುವುದು ಹೇಗೆ?

ಈ ಬೇಸಗೆಯಲ್ಲಿ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಮೊದಲು ಕೇಳಿದ್ದು ಸುರತ್ಕಲ್‌ನಲ್ಲಿ ಓದುವ ಚಿಕ್ಕಮ್ಮನ ಮಗ. "ಅಣ್ಣಾ, ಗಾಡಿಗೆ ವಾರಕ್ಕೊಮ್ಮೆ ಕೂಲಂಟ್ ಹಾಕ್ಬೇಕಾಗ್ತದೆ. ಅಡಿಯಲ್ಲಿ ನೋಡಿದ್ರೆ ಒಂದು ತೊಟ್ಟೂ ಇಲ್ಲ. ಎಲ್ಲಿಗೆ ಹೋಗ್ತದೆ ಅದು?" ಉಳಿದಿಬ್ಬರದೂ ಹೆಚ್ಚುಕಮ್ಮಿ ಇದೇ ಕಥೆ. ಮೂವರದ್ದೂ ಸೆಕೆಂಡ್ ಹ್ಯಾಂಡ್ ಗಾಡಿ. ಮೂರಕ್ಕೂ ಹತ್ತು ವರ್ಷ ದಾಟಿದೆ.

ನಮ್ಮ ಅಪ್ಪಂದಿರ ಗಾಡಿಗಳಿಗೆ ಈ ತಲೆನೋವು ಇರಲಿಲ್ಲ. ಸ್ಪ್ಲೆಂಡರ್ ಆಗಲಿ, ಬುಲೆಟ್ ಆಗಲಿ, ಇಂಜಿನ್ ಸುತ್ತ ಇರುವ ರೆಕ್ಕೆಗಳಿಗೆ ಗಾಳಿ ಬಡಿದರೆ ಸಾಕಿತ್ತು. ಆಮೇಲೆ 2008ರಲ್ಲಿ ಯಮಹಾ ಆರ್15 ಬಂತು. 2011ರಲ್ಲಿ ಹೋಂಡಾ ಸಿಬಿಆರ್ 250ಆರ್, 2012ರಲ್ಲಿ ಕೆಟಿಎಂ ಡ್ಯೂಕ್ 200 ಮತ್ತು ಪಲ್ಸರ್ 200 ಎನ್‌ಎಸ್ ಬಂದವು. ಇವೆಲ್ಲ ಕೂಲಂಟ್ ಹರಿದು ತಣಿಯುವ ಇಂಜಿನ್‌ಗಳು. ಆಗ ಶೋರೂಮಿನಿಂದ ಹೊರಬಿದ್ದ ಗಾಡಿಗಳು ಈಗ ಎರಡನೇ, ಮೂರನೇ ಕೈಗೆ ಬಂದಿವೆ. ಕಬ್ಬಿಣ, ಅಲ್ಯುಮಿನಿಯಂ ಇನ್ನೂ ಗಟ್ಟಿ ಇರುತ್ತದೆ, ಒಳಗಿನ ರಬ್ಬರ್‌ಗೆ ಮಾತ್ರ ವಯಸ್ಸಾಗಿರುತ್ತದೆ.

ನನ್ನದೂ ಅಂಥದ್ದೇ ಒಂದು ಗಾಡಿ. ಅದರ ಸೋರಿಕೆ ಹುಡುಕಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಹಾಗಾಗಿ ಬುಡದಿಂದಲೇ ಬರೆಯುತ್ತೇನೆ.

ಕೂಲಂಟ್ ಅಂದರೆ ಏನು, ಅದು ಎಲ್ಲೆಲ್ಲಿ ಓಡಾಡುತ್ತದೆ?

ಕೂಲಂಟ್ ಅಂದರೆ ಶುದ್ಧ ಮಾಡಿದ ನೀರು, ಅದರ ಜೊತೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ಮತ್ತೆ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ಒಂದಿಷ್ಟು ರಾಸಾಯನಿಕ. ಸಾಮಾನ್ಯವಾಗಿ ಅರ್ಧ ನೀರು, ಅರ್ಧ ಗ್ಲೈಕಾಲ್. ಹಸಿರು, ನೀಲಿ, ಗುಲಾಬಿ ಬಣ್ಣವೆಲ್ಲ ಆಮೇಲೆ ಬೆರೆಸಿದ್ದು. ಆ ಬಣ್ಣ ಸೋರಿಕೆ ಹುಡುಕುವಾಗ ತುಂಬ ಉಪಕಾರಕ್ಕೆ ಬರುತ್ತದೆ.

ಚಿಕ್ಕ ಬೈಕ್‌ಗಳಲ್ಲಿ ಇದು ಒಟ್ಟು ಸುಮಾರು ಒಂದು ಲೀಟರ್ ಇರುತ್ತದೆ, ಅಷ್ಟೇ. ಇಂಜಿನ್ ತಿರುಗುವಾಗ ವಾಟರ್ ಪಂಪ್ ಇದನ್ನು ತಳ್ಳುತ್ತದೆ. ಸಿಲಿಂಡರ್ ಮತ್ತು ಅದರ ಮೇಲೆ ಕೂರುವ ಹೆಡ್ಡಿನ ಸುತ್ತ ಇರುವ ಸಂದುಗಳಲ್ಲಿ ಹರಿದು ಬಿಸಿ ಎತ್ತಿಕೊಂಡು ಬರುತ್ತದೆ. ಮುಂದಿನ ಚಕ್ರದ ಹಿಂದೆ ಜಾಲರಿ ಥರ ಕಾಣುವ ರೇಡಿಯೇಟರ್‌ನಲ್ಲಿ ಆ ಬಿಸಿಯನ್ನು ಗಾಳಿಗೆ ಬಿಡುತ್ತದೆ. ಮತ್ತೆ ಪಂಪಿಗೆ ಹೋಗುತ್ತದೆ. ನಡುವೆ ಥರ್ಮೋಸ್ಟಾಟ್ ಅಂತ ಒಂದು ಬಾಗಿಲು ಇದೆ. ಇಂಜಿನ್ ತಣ್ಣಗಿದ್ದಾಗ ಅದು ಮುಚ್ಚಿರುತ್ತದೆ, ಸಾಕಷ್ಟು ಬಿಸಿಯಾದ ಮೇಲೆ ತಾನಾಗಿಯೇ ತೆರೆಯುತ್ತದೆ.

ಈ ದಾರಿಯಲ್ಲಿ ಎಲ್ಲೆಲ್ಲಿ ಎರಡು ತುಂಡು ಸೇರುತ್ತವೋ ಅಲ್ಲೆಲ್ಲ ಒಂದು ರಬ್ಬರ್, ಒಂದು ವಾಷರ್, ಇಲ್ಲವೇ ಒಂದು ಗ್ಯಾಸ್ಕೆಟ್ ಇದೆ. ಪೈಪಿನ ಎರಡೂ ತುದಿ, ಥರ್ಮೋಸ್ಟಾಟಿನ ಡಬ್ಬಿ, ಪಂಪಿನ ಮುಚ್ಚಳ, ಟೆಂಪರೇಚರ್ ಸೆನ್ಸಾರ್, ಡ್ರೈನ್ ಬೋಲ್ಟು. ನಾವು ಹುಡುಕುವ ಕಳ್ಳ ಸಾಮಾನ್ಯವಾಗಿ ಇವುಗಳಲ್ಲೇ ಒಬ್ಬ.

ಮುಚ್ಚಳ ಮಾಡುವ ಎರಡು ಕೆಲಸ

ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳ ಅಲ್ಲ. ಅಡುಗೆಮನೆಯ ಕುಕ್ಕರ್ ನೆನಪು ಮಾಡಿಕೊಳ್ಳಿ. ವೈಟ್ ಹಾಕಿ ಒಳಗಿನ ಒತ್ತಡ ಏರಿಸಿದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಇನ್ನೂ ಮೇಲೆ ಹೋಗಬೇಕು. ಇಲ್ಲಿಯೂ ಅದೇ ಲೆಕ್ಕ. ಹೆಚ್ಚಿನ ಬೈಕ್‌ಗಳ ಮುಚ್ಚಳ 1.1 ಬಾರ್ ಆಸುಪಾಸಿನವರೆಗೆ ಒತ್ತಡ ತಡೆಯುತ್ತದೆ. ಟಯರಿಗೆ ಹಾಕಿಸುವ ಗಾಳಿಯ ಅರ್ಧದಷ್ಟು ಅಂದುಕೊಳ್ಳಿ. ಅಷ್ಟು ಒತ್ತಡ ಇರುವುದರಿಂದಲೇ ಕೂಲಂಟ್ 120 ಡಿಗ್ರಿಗೂ ಕುದಿಯದೆ ನಿಲ್ಲುತ್ತದೆ. ಮೇ ತಿಂಗಳ ಮಧ್ಯಾಹ್ನ ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಾಗ ಇಂಜಿನ್ ಉಳಿಯುವುದು ಹೀಗೆ.

ಬಿಸಿ ಇಂಜಿನ್‌ನ ಮುಚ್ಚಳ ತೆಗೆಯಬಾರದು ಅನ್ನುವುದೂ ಇದಕ್ಕೇ. ತೆಗೆದ ಕೂಡಲೇ ಒತ್ತಡ ಇಳಿಯುತ್ತದೆ, ಅಲ್ಲಿಯವರೆಗೆ ಸುಮ್ನೆ ಇದ್ದ ದ್ರವ ಒಂದೇ ಕ್ಷಣಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಇಂಜಿನ್ ಮೇಲೆ ಕೈ ಇಟ್ಟರೆ ಬೆಚ್ಚಗೂ ಅನಿಸಬಾರದು, ಆಮೇಲೆ ಮುಚ್ಚಳ. ದಯವಿಟ್ಟು ಈ ಒಂದು ಮಾತಿನಲ್ಲಿ ಅವಸರ ಬೇಡ.

ಮುಚ್ಚಳದ ಎರಡನೇ ಕೆಲಸ ಹೆಚ್ಚಿನವರಿಗೆ ಗೊತ್ತಿಲ್ಲ. ಕೂಲಂಟ್ ಬಿಸಿಯಾದಾಗ ಹಿಗ್ಗುತ್ತದೆ. ಹೆಚ್ಚಾದದ್ದು ಮುಚ್ಚಳ ದಾಟಿ, ಸಣ್ಣ ಪೈಪಿನಲ್ಲಿ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ಒಳಗೆ ಜಾಗ ಖಾಲಿಯಾಗಿ, ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ, ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಸ್ಟ್ರಾಗೆ ತೂತಿದ್ದರೆ? ಬರೀ ಗಾಳಿ ಬರುತ್ತದೆ. ಆ ಸಣ್ಣ ಪೈಪ್ ಒಡೆದಿದ್ದರೆ, ಇಲ್ಲವೇ ಮುಚ್ಚಳದ ಒಳಗಿನ ಚಿಕ್ಕ ವಾಲ್ವ್ ಕೆಲಸ ಮಾಡದಿದ್ದರೆ, ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಮಾತ್ರ ದಿನದಿಂದ ದಿನಕ್ಕೆ ಖಾಲಿಯಾಗುತ್ತದೆ. ಬಾಟಲಿ ನೋಡಿ "ಸರಿ ಇದೆ" ಅಂದುಕೊಂಡವರು ಇಂಜಿನ್ ಸುಟ್ಟುಕೊಳ್ಳುವುದು ಇಲ್ಲೇ. ಆದ್ದರಿಂದ ತಣ್ಣಗಿದ್ದಾಗ ಮುಚ್ಚಳ ತೆಗೆದು ರೇಡಿಯೇಟರಿನ ಒಳಗೇ ನೋಡಬೇಕು. ಕೂಲಂಟ್ ಕುತ್ತಿಗೆಯವರೆಗೆ ಕಾಣಬೇಕು.

ತೊಟ್ಟು ಬೀಳುವ ಜಾಗವೇ ಬೇರೆ, ತೂತಿರುವ ಜಾಗವೇ ಬೇರೆ

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟಿಯ ಮಳೆಗೆ ಜಗಲಿಯಲ್ಲಿ ಹನಿ ಬೀಳುತ್ತದೆ ಅಂತ ಅದರ ನೇರ ಮೇಲಿನ ಹಂಚು ಬದಲಿಸಿದರೆ ಪ್ರಯೋಜನ ಇಲ್ಲ. ಒಡೆದ ಹಂಚು ಎಲ್ಲೋ ಮೇಲೆ ಇರುತ್ತದೆ. ನೀರು ಪಕ್ಕಾಸು ಹಿಡಿದು ಇಳಿದು, ರೀಪಿನ ಗಂಟು ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ.

ನನ್ನ ಗಾಡಿಯಲ್ಲಿ ಆದದ್ದೂ ಹೀಗೆಯೇ. ಬೆಳಿಗ್ಗೆ ನೋಡಿದರೆ ವಾಟರ್ ಪಂಪಿನ ಕೆಳಗೆ ಸಣ್ಣ ಪಸೆ. ಪಂಪಿನ ಅಡಿಯಲ್ಲಿ ಕಡ್ಡಿ ತೂರುವಷ್ಟು ದೊಡ್ಡ ತೂತೊಂದಿರುತ್ತದೆ, ವೀಪ್ ಹೋಲ್ ಅನ್ನುತ್ತಾರೆ. ಪಂಪಿನ ಒಂದು ಬದಿ ಕೂಲಂಟ್, ಇನ್ನೊಂದು ಬದಿ ಇಂಜಿನ್ ಆಯಿಲ್. ಎರಡಕ್ಕೂ ಒಂದೊಂದು ಸೀಲ್, ನಡುವೆ ಸ್ವಲ್ಪ ಖಾಲಿ ಜಾಗ. ಯಾವುದಾದರೂ ಸೀಲ್ ಹೋದರೆ ಸೋರಿದ್ದು ಇನ್ನೊಂದರೊಳಗೆ ಸೇರದೆ ಹೊರಗೆ ಬರಲಿ ಅಂತ ಕಂಪನಿಯವರೇ ಬಿಟ್ಟ ದಾರಿ ಇದು. ಅಲ್ಲಿಂದ ಹಸಿರು ಬಂದರೆ ಕೂಲಂಟ್ ಸೀಲ್ ಹೋಗಿದೆ, ಆಯಿಲ್ ಬಂದರೆ ಆಯಿಲ್ ಸೀಲ್. ಆ ತೂತನ್ನು ಮಾತ್ರ ಯಾವತ್ತೂ ಮುಚ್ಚಬೇಡಿ.

ಪಸೆ ಅಲ್ಲೇ ಕಂಡ ಕಾರಣ ಗ್ಯಾರೇಜಿನಲ್ಲಿ ಪಂಪಿನ ಸೀಲ್ ಕಿಟ್ ಬದಲಿಸಿದರು. ಹತ್ತು ದಿನಕ್ಕೆ ಮತ್ತೆ ಅದೇ. ಎರಡನೇ ಸಲ ಪೈಪ್ ಮತ್ತು ಕ್ಲಿಪ್ ಬದಲಾಯಿತು. ಮೂರನೇ ಸಲ ಮುಚ್ಚಳ. ಪ್ರತಿ ಸಲವೂ ಬದಲಿಸಿದ್ದು ಹೊಸ ಮಾಲು, ಮಾಡಿದ ಕೆಲಸವೂ ಅಚ್ಚುಕಟ್ಟು. ಆದರೆ ಯಾವುದೂ ತೂತಿರುವ ಜಾಗ ಆಗಿರಲಿಲ್ಲ.

ನೆಲಕ್ಕೆ ಯಾಕೆ ಬೀಳುವುದಿಲ್ಲ?

ದಿನಕ್ಕೆ ಎರಡು ಟೀ ಚಮಚ ಹೋದರೂ ತಿಂಗಳಿಗೆ ಕಾಲು ಲೀಟರ್ ದಾಟುತ್ತದೆ. ಅಷ್ಟು ಹೋದರೂ ಅಂಗಳದಲ್ಲಿ ಕಲೆ ಇಲ್ಲ. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಚುಂಯ್ ಅಂತ ಆರಿಹೋಗುತ್ತದಲ್ವಾ, ಓಡಿಸುವಾಗ ಇಂಜಿನ್ ಹೊರಮೈ ಮೇಲೆ ಅದೇ ಆಗುತ್ತದೆ. ಒಸರಿದ ಹನಿ ಕೆಳಗೆ ಬೀಳುವ ಮೊದಲೇ ಆವಿ.

ಆದರೆ ನೀರು ಹೋದರೂ ಅದರಲ್ಲಿ ಕರಗಿದ್ದದ್ದು ಉಳಿಯುತ್ತದೆ. ಬಿಳಿ ಅಥವಾ ಹಸಿರು ಪುಡಿ, ಉಪ್ಪು ಕಟ್ಟಿದ ಹಾಗೆ. ಇಂಜಿನ್ ಆಫ್ ಮಾಡಿದ ಮೇಲೆ ಸಿಹಿಸಿಹಿಯಾದ ವಾಸನೆಯೂ ಬರಬಹುದು. ನಮ್ಮ ಕಡಲತೀರದಲ್ಲಿ ಒಂದು ತೊಡಕಿದೆ. ಉಪ್ಪು ಗಾಳಿಗೆ ಅಲ್ಯುಮಿನಿಯಂ ತಾನಾಗಿಯೇ ಬಿಳಿ ಹುಡಿ ಬಿಡುತ್ತದೆ, ಮಲ್ಪೆಯಲ್ಲೋ ಉಳ್ಳಾಲದಲ್ಲೋ ನಿಲ್ಲುವ ಗಾಡಿಗೆ ಇನ್ನೂ ಜಾಸ್ತಿ. ಅದನ್ನೇ ಕೂಲಂಟ್ ಕಲೆ ಅಂದುಕೊಳ್ಳಬಾರದು. ಉಪ್ಪಿನ ಹುಡಿ ಎಲ್ಲೆಡೆ ಒಂದೇ ಥರ ಹರಡಿರುತ್ತದೆ. ಕೂಲಂಟ್ ಕಲೆ ಒಂದು ಕೀಲಿನಿಂದ ಶುರುವಾಗಿ ಗೆರೆಯಾಗಿ ಕೆಳಗೆ ಇಳಿದಿರುತ್ತದೆ.

"ಎಲ್ಲಿ" ಅಂತ ಕೇಳುವ ಮೊದಲು "ಯಾವಾಗ" ಅಂತ ಕೇಳಿ

ನಾಲ್ಕು ತಿಂಗಳಲ್ಲಿ ನಾನು ಕಲಿತ ದೊಡ್ಡ ವಿಷಯ ಇದು. ಸೋರಿಕೆಗೆ ಹೊತ್ತು ಇದೆ.

ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರಿದರೆ ರೇಡಿಯೇಟರ್ ಕೊಳವೆಯಲ್ಲಿ ಕಲ್ಲು ಬಡಿದ ಸಣ್ಣ ತೂತೋ, ಪೈಪಿನ ಸೀಳೋ, ಮುಚ್ಚಳದ ರಬ್ಬರೋ ಇರಬಹುದು. ಇಂಜಿನ್ ತಿರುಗುವಾಗ ಮಾತ್ರ ಸೋರಿ ನಿಲ್ಲಿಸಿದ ಕೂಡಲೇ ನಿಂತರೆ ಪಂಪಿನ ಕಡೆ ನೋಡಬೇಕು. ಟ್ರಾಫಿಕ್‌ನಲ್ಲಿ ಮಾತ್ರ ಕಡಿಮೆಯಾಗುತ್ತದೆ, ಹೈವೇಯಲ್ಲಿ ಇಲ್ಲ ಅಂದರೆ ಅದು ಸೋರಿಕೆಯೇ ಅಲ್ಲದಿರಬಹುದು. ಫ್ಯಾನ್ ತಿರುಗದೆ ಕುದಿದು ಬಾಟಲಿಯಿಂದ ಹೊರಚೆಲ್ಲುತ್ತಿರಬಹುದು.

ಇನ್ನು ತಣ್ಣಗಿದ್ದಾಗ ಮಾತ್ರ ಸೋರುವ ಜಾತಿ. ಎಲ್ಲರನ್ನೂ ಸುಸ್ತು ಮಾಡುವುದು ಇದೇ. ಮತ್ತೆ ಕುಕ್ಕರ್ ಹತ್ತಿರ ಬನ್ನಿ. ಹಳೇ ಗ್ಯಾಸ್ಕೆಟ್ ಹಾಕಿದ ಕುಕ್ಕರ್ ಮೊದಲಿಗೆ ಬದಿಯಿಂದ ಬುಸ್ ಅಂತ ಆವಿ ಬಿಡುತ್ತದೆ, ಆಮೇಲೆ ಬಿಸಿಯೇರಿ ರಬ್ಬರ್ ಮೆತ್ತಗಾಗಿ ಒತ್ತಿಕೊಂಡ ಮೇಲೆ ತಾನಾಗಿಯೇ ನಿಲ್ಲುತ್ತದೆ. ಬೈಕಿನ ಗಟ್ಟಿಯಾದ ಓ-ರಿಂಗ್ (ಸಂದಿನಲ್ಲಿ ಕೂರುವ ರಬ್ಬರ್ ಬಳೆ), ಸಡಿಲವಾದ ಕ್ಲಿಪ್ ಮಾಡುವುದೂ ಅದನ್ನೇ. ಬಿಸಿಗೆ ಲೋಹ ಹಿಗ್ಗುತ್ತದೆ, ರಬ್ಬರ್ ಮೆತ್ತಗಾಗುತ್ತದೆ, ಸಂದು ಮುಚ್ಚುತ್ತದೆ. ತಣಿದಾಗ ಮತ್ತೆ ತೆರೆದುಕೊಂಡು ರಾತ್ರಿಯಿಡೀ ಒಸರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಹೋಗುವಷ್ಟರಲ್ಲಿ ಸಂದು ಮುಚ್ಚಿ, ಪಸೆ ಆರಿ, ಸಾಕ್ಷಿಯೇ ಇರುವುದಿಲ್ಲ. ಮೆಕ್ಯಾನಿಕ್ "ಎಲ್ಲಿ ಮಾರಾಯ್ರೆ ಲೀಕು?" ಅಂತ ಕೇಳಿದರೆ ಅವರದೇನೂ ತಪ್ಪಿಲ್ಲ, ಅವರಿಗೆ ಕಾಣುವುದು ಬಿಸಿ ಇಂಜಿನ್ ಮಾತ್ರ. ಸಾಧ್ಯವಾದರೆ ಹಿಂದಿನ ದಿನ ಸಂಜೆಯೇ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ.

ಮನೆಯಲ್ಲೇ ಮಾಡುವುದಾದರೆ ಇಷ್ಟು ಸಾಕು. ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಈಗಿನ ಮಟ್ಟಕ್ಕೆ ಗೆರೆ ಎಳೆದು ತಾರೀಕು ಬರೆಯಿರಿ. ಇಂಜಿನ್ ತೊಳೆದು, ಪೂರ್ತಿ ಒಣಗಿಸಿ. ಪ್ರೆಷರ್ ಗನ್ ಬೇಡ, ರೇಡಿಯೇಟರಿನ ತೆಳು ರೆಕ್ಕೆ ಮಡಚಿಹೋಗುತ್ತದೆ. ರಾತ್ರಿ ಗಾಡಿ ಅಡಿಗೆ ರಟ್ಟು ಹಾಸಿ ಹಾಗೇ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟಾರ್ಚ್ ಹಿಡಿದು, ಬಿಳಿ ಟಿಶ್ಯೂ ಪೇಪರಿನಿಂದ ಒಂದೊಂದು ಕೀಲನ್ನೂ, ಮೇಲಿನಿಂದ ಶುರುಮಾಡಿ ಕೆಳಗೆ ಬರುತ್ತಾ, ಒತ್ತಿ ನೋಡಿ. ಟಿಶ್ಯೂಗೆ ಬಣ್ಣ ಹತ್ತಿದ ಎಲ್ಲಕ್ಕಿಂತ ಮೇಲಿನ ಜಾಗವೇ ನಿಮ್ಮ ಒಡೆದ ಹಂಚು.

ಗಾಳಿ ಒತ್ತಿ ನೋಡುವುದು

ಟಿಶ್ಯೂನಲ್ಲಿ ಸಿಗದಿದ್ದರೆ ಪ್ರೆಷರ್ ಟೆಸ್ಟ್. ಕೈಪಂಪು, ಅದರ ಮೇಲೊಂದು ಮೀಟರ್. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಇದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಗಾಳಿ ಒತ್ತುವುದು. ಅಂದರೆ ಇಂಜಿನ್ ತಣ್ಣಗಿರುವಾಗಲೇ ಬಿಸಿಯ ಒತ್ತಡ ಕೊಟ್ಟ ಹಾಗೆ. ಆವಿಯಾಗಲು ಬಿಸಿಯೇ ಇಲ್ಲದ ಕಾರಣ ಸೋರಿದ್ದು ಸೋರಿದಲ್ಲೇ ಕಾಣುತ್ತದೆ. ಟಯರಿಗೆ ಗಾಳಿ ಹಾಕುವ ಕಂಪ್ರೆಸರ್ ಇದಕ್ಕೆ ಬಳಸಲೇಬೇಡಿ, ರೇಡಿಯೇಟರ್ ಒಡೆಯುತ್ತದೆ.

ಕಾರು ಗ್ಯಾರೇಜುಗಳಲ್ಲಿ ಈ ಪಂಪು ಇರುತ್ತದೆ, ಬೈಕಿನ ಚಿಕ್ಕ ಮುಚ್ಚಳಕ್ಕೆ ಹೊಂದುವ ತಲೆ ಇದೆಯೇ ಅಂತ ಮೊದಲೇ ಕೇಳಿ. ನನಗೆ ಕೂಳೂರಿನ ಒಂದು ಗ್ಯಾರೇಜಿನಲ್ಲಿ ಸಿಕ್ಕಿತು. ಭಾನುವಾರ ಬೆಳಿಗ್ಗೆ, ಟ್ಯಾಂಕ್ ಬಿಚ್ಚಿಟ್ಟು, ಇಂಜಿನ್ ಮೇಲೆಲ್ಲ ಮುಖಕ್ಕೆ ಹಾಕುವ ಪೌಡರ್ ತೆಳ್ಳಗೆ ಉದುರಿಸಿದೆ. 1.1 ಬಾರ್‌ಗೆ ಏರಿಸಿದೆವು. ಐದು ನಿಮಿಷ ಮುಳ್ಳು ಅಲುಗಲಿಲ್ಲ. ಹತ್ತು ನಿಮಿಷಕ್ಕೆ 1.0. ಹದಿನೈದಕ್ಕೆ 0.9.

ಟಾರ್ಚ್ ಹಿಡಿದು ನೋಡಿದರೆ, ಥರ್ಮೋಸ್ಟಾಟ್ ಡಬ್ಬಿ ಹೆಡ್ಡಿಗೆ ಕೂರುವ ಸಂದಿನಲ್ಲಿ ಬಿಳಿ ಪೌಡರ್ ನಡುವೆ ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆ. ಅಲ್ಲಿಂದ ಅದು ಪಕ್ಕದ ವಯರಿನ ಕೊಳವೆ ಹಿಡಿದಿತ್ತು. ವಯರು ಸಿಲಿಂಡರಿನ ಹಿಂದೆ ಇಳಿದು, ವಾಟರ್ ಪಂಪಿನ ಹತ್ತಿರ ಬಾಗುತ್ತದೆ. ಆ ಬಾಗಿದ ಜಾಗದಲ್ಲಿ ತೊಟ್ಟು ಕಟ್ಟಿ ನಿಂತಿತ್ತು, ವೀಪ್ ಹೋಲ್‌ನಿಂದ ಎರಡು ಬೆರಳು ಆಚೆ. ಎರಡು ಬೋಲ್ಟು ಬಿಚ್ಚಿ ಡಬ್ಬಿ ತೆಗೆದರೆ ಒಳಗಿನ ಓ-ರಿಂಗ್ ಗುಂಡಗೆ ಇರಲೇ ಇಲ್ಲ. ಒಂದು ಬದಿ ಚಪ್ಪಟೆಯಾಗಿ, ಉಗುರಿನಲ್ಲಿ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಬಗ್ಗಿಸಿದಾಗ ಟಕ್ ಅಂತ ತುಂಡಾಯಿತು. ಹೊಸದಕ್ಕೆ ಎರಡು ಮಸಾಲೆ ದೋಸೆಯಷ್ಟೂ ದುಡ್ಡಾಗಲಿಲ್ಲ.

ತಣ್ಣಗೆ ಮಾಡಿದ ಟೆಸ್ಟಿನಲ್ಲಿ ಮುಳ್ಳು ಇಳಿಯದಿದ್ದರೆ, ಗಾಳಿಯ ಕೈಪಂಪನ್ನು ಹಾಗೇ ಕೂರಿಸಿಟ್ಟು ಇಂಜಿನ್ ಸ್ಟಾರ್ಟ್ ಮಾಡಿ ನೋಡುತ್ತಾರೆ. ಇದು ಗ್ಯಾರೇಜಿನವರೇ ಮಾಡಬೇಕಾದ ಕೆಲಸ. ಕೂಲಂಟಿಗೆ ಬೆರೆಸುವ ಒಂದು ಬಣ್ಣವೂ ಸಿಗುತ್ತದೆ, ಕೆಲವು ದಿನ ಓಡಿಸಿ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ದಾರಿ ಹೊಳೆಯುತ್ತದೆ.

ಹೊರಗೆಲ್ಲೂ ಇಲ್ಲದಿದ್ದರೆ

ಆಗ ಇಂಜಿನ್ ಒಳಗೇ ಸೋರುತ್ತಿರಬಹುದು. ಸಿಲಿಂಡರಿಗೂ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಹೋದರೆ ಕೂಲಂಟ್ ಉರಿಯುವ ಕೋಣೆಗೆ ನುಗ್ಗಿ ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೋಗುತ್ತದೆ, ಅಥವಾ ಆಯಿಲ್ ಜೊತೆ ಸೇರಿ ಹಾಲು ಹಾಕಿದ ಚಹಾದ ಬಣ್ಣ ಬರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದೇ ಇಂಜಿನ್ ಸ್ಟಾರ್ಟ್ ಮಾಡಿ, ಮೊದಲ ಒಂದೆರಡು ನಿಮಿಷದಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಅನುಮಾನ ಗಟ್ಟಿ. ಖಚಿತ ಮಾಡಲು ನೀಲಿ ದ್ರವದ ಒಂದು ಟೆಸ್ಟ್ ಇದೆ. ರೇಡಿಯೇಟರಿನ ಗಾಳಿಯನ್ನು ಅದರೊಳಗೆ ಹಾಯಿಸಿದಾಗ ಹಳದಿಗೆ ತಿರುಗಿದರೆ ಇಂಜಿನ್‌ನಲ್ಲಿ ಉರಿದ ಗಾಳಿ ಕೂಲಂಟಿಗೆ ಸೇರಿದೆ ಅಂತ ಅರ್ಥ.

ಇಲ್ಲಿ ನಮ್ಮೂರಿನವರು ಹೆದರಬಾರದ ಎರಡು ಸಂಗತಿ ಇವೆ. ಮಳೆಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಸ್ವಲ್ಪ ಬಿಳಿ ಆವಿ ಬಂದು, ಬಿಸಿಯಾದ ಮೇಲೆ ನಿಂತರೆ ಅದು ಬರೀ ತೇವ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಜೂನ್-ಜುಲೈಯಲ್ಲಿ ಬೆಣ್ಣೆಯಂಥ ನೊರೆ ಕಾಣುವುದೂ ಉಂಟು. ಒಮ್ಮೆ ಉಡುಪಿಯಿಂದ ಕುಂದಾಪುರದವರೆಗೆ ಓಡಿಸಿಕೊಂಡು ಬಂದು ಮತ್ತೆ ನೋಡಿ. ನೊರೆ ಹೋಗಿದ್ದರೆ, ಕೂಲಂಟ್ ಮಟ್ಟ ಇಳಿಯದಿದ್ದರೆ, ಹೆಡ್ ಬಿಚ್ಚಿಸುವ ಅವಸರ ಬೇಡ.

ಅರಿಶಿನ, ಎಂ-ಸೀಲ್, ಬಾವಿ ನೀರು

ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ತೂತು ಮುಚ್ಚುತ್ತದೆ ಅನ್ನುವುದು ಲಾರಿ, ಜೀಪಿನ ಕಾಲದಿಂದ ಬಂದ ಉಪಾಯ. ನಿಜವಾಗಿಯೂ ಸಣ್ಣ ತೂತು ಮುಚ್ಚಬಹುದು. ಆದರೆ ಪುಡಿಗೆ ತೂತು ಯಾವುದು, ದಾರಿ ಯಾವುದು ಗೊತ್ತಿಲ್ಲ. ಬೈಕಿನ ರೇಡಿಯೇಟರ್ ಕೊಳವೆಗಳು ತೀರಾ ಸಪೂರ, ಅಲ್ಲೂ ಹೋಗಿ ಕೂರುತ್ತದೆ. ಚಾರ್ಮಾಡಿ ಘಾಟಿಯ ನಡುವೆ ಸಿಕ್ಕಿಬಿದ್ದು ಬೇರೆ ದಾರಿ ಇಲ್ಲದಿದ್ದರೆ ಸರಿ, ಊರು ಮುಟ್ಟಿದ ಮೇಲೆ ಪೂರ್ತಿ ತೊಳೆಸಬೇಕು. ಹೊರಗಿನಿಂದ ಹಚ್ಚುವ ಎಂ-ಸೀಲ್ ಕೂಡ ಗ್ಯಾರೇಜು ಮುಟ್ಟುವವರೆಗೆ ಮಾತ್ರ.

ಬಾವಿ ನೀರಿನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಬಾವಿ ನೀರು ಕುಡಿಯಲು ಎಷ್ಟೇ ರುಚಿ ಇರಲಿ, ಅದರಲ್ಲಿ ಕರಗಿದ ಲವಣ, ಕೆಲವೆಡೆ ಕಬ್ಬಿಣದ ಅಂಶ ಇದೆ. ಕಡಲ ಹತ್ತಿರದ ಬಾವಿ ಬೇಸಗೆಯಲ್ಲಿ ಉಪ್ಪಾಗುತ್ತದೆ. ಆ ಉಪ್ಪು ಅಲ್ಯುಮಿನಿಯಂ ಅನ್ನು ಒಳಗಿನಿಂದ ತಿನ್ನುತ್ತದೆ. ತುರ್ತಿಗೆ ಹಾಕಿದರೆ ಮನೆಗೆ ಬಂದ ಕೂಡಲೇ ತೆಗೆದು, ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟ್ ಹಾಕಿ. ಬಣ್ಣ ನೋಡಿ ಒಂದಕ್ಕೊಂದು ಬೆರೆಸಬೇಡಿ, ಬಣ್ಣ ಒಂದೇ ಆದರೂ ಒಳಗಿನ ರಾಸಾಯನಿಕ ಬೇರೆ ಇರಬಹುದು.

ಹಳೇ ಕೂಲಂಟನ್ನು ಅಂಗಳಕ್ಕೆ, ತೋಡಿಗೆ ಚೆಲ್ಲಬೇಡಿ. ಅದರ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹಾಳಾಗಿ ಸಾಯುತ್ತವೆ. ಮಕ್ಕಳಿಗೂ ಅದು ವಿಷವೇ. ರಾತ್ರಿ ಹಾಸಿದ ರಟ್ಟನ್ನೂ ಬೆಳಿಗ್ಗೆಯೇ ತೆಗೆದುಬಿಡಿ.

ಕೊನೆಗೆ ಗಾಳಿ ತೆಗೆಯುವುದು

ರಬ್ಬರ್ ಬದಲಿಸಿ ಕೂಲಂಟ್ ತುಂಬಿದರೆ ಕೆಲಸ ಮುಗಿಯಲಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಇರುವಲ್ಲಿ ಕೂಲಂಟ್ ಮುಟ್ಟುವುದಿಲ್ಲ, ಅಲ್ಲಿ ಇಂಜಿನ್ ಬಿಸಿಯೇರುತ್ತದೆ. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲು ಪ್ರತ್ಯೇಕ ಸ್ಕ್ರೂ ಇದೆ. ಇಲ್ಲದಿದ್ದರೆ ಮುಚ್ಚಳ ತೆಗೆದಿಟ್ಟು ತಣ್ಣಗೆ ಸ್ಟಾರ್ಟ್ ಮಾಡಿ, ಗಾಡಿಯನ್ನು ಎಡಕ್ಕೆ ಬಲಕ್ಕೆ ನಿಧಾನ ವಾಲಿಸಿ, ಪೈಪನ್ನು ಕೈಯಲ್ಲಿ ಹಿಚುಕಿದರೆ ಗುಳುಗುಳು ಅಂತ ಗಾಳಿ ಬರುತ್ತದೆ. ಮಟ್ಟ ಇಳಿದ ಹಾಗೆ ತುಂಬುತ್ತಾ ಹೋಗಿ, ಜಾಸ್ತಿ ಬಿಸಿಯಾಗುವ ಮೊದಲೇ ಮುಚ್ಚಳ ಹಾಕಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ತೆಗೆದು ನೋಡಿ. ನನ್ನ ಗಾಡಿ ಮರುದಿನ ಅರ್ಧ ಲೋಟ ಕುಡಿಯಿತು.

ಅದಾದ ಮೇಲೆ ಬಾಟಲಿಗೆ ಹೊಸ ಗೆರೆ ಎಳೆದೆ. ಎರಡು ವಾರ ದಿನಾ ಬೆಳಿಗ್ಗೆ ನೋಡಿದೆ. ಮೂರನೇ ಭಾನುವಾರ ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೆಬ್ರಿ ದಾರಿಯಲ್ಲಿ ಆಗುಂಬೆ ಘಾಟಿ ಹತ್ತಿ ಇಳಿದು ಬಂದೆ. ಸೋಮವಾರ ಬೆಳಿಗ್ಗೆ ಅವನೇ ಟಾರ್ಚ್ ಹಿಡಿದು ಕೂತು ನೋಡಿದ. ಕೂಲಂಟ್ ಗೆರೆಯ ಮೇಲೆಯೇ ನಿಂತಿತ್ತು.